ಮಿರಜಿಗೆ ಹೋದವರು, ಮಿರಜಿನಿಂದ ಬಂದವರು

1880ರ ದಶಕದ ಕೊನೆಯ ವರ್ಷಗಳಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ನಮ್ಮ ಬೆಳಗಾವಿ ಸೀಮೆಗೆ ಬಂತು. ಬೆಳಗಾವಿ ಬಿಟ್ಟ ಗಾಡಿ ಪಾಚ್ಛಾಪುರ, ಗೋಕಾಕ ರೋಡ, ಘಟಪ್ರಭಾ, ಚಿಕ್ಕೋಡಿ ರೋಡ, ರಾಯಬಾಗ, ಕುಡಚಿ, ಶೇಡಬಾಳ ದಾಟಿ ಮಿರಜ ಮುಟ್ಟುತ್ತಿತ್ತು. ಹಳಿ ಹಾಕಿದ್ದು ಹತ್ತಿ, ಕಾಳುಕಡಿ ಸಾಗಿಸಲಿಕ್ಕೆ. ಆದರೆ ಮುಂದಿನ ಎಪ್ಪತ್ತು ಎಂಬತ್ತು ವರ್ಷ ಅದೇ ಹಳಿಯ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರೋಗಿಗಳು ಮಿರಜಿನ ಮಿಷನ್ ದವಾಖಾನೆಗೆ ಹೋಗಿಬಂದರು. ನಾಟಿ ಔಷಧ ಆಯಿತು, ಹರಕೆ ಆಯಿತು, ಯಾವುದರಿಂದಲೂ ಗುಣ ಕಾಣಲಿಲ್ಲ ಎಂದಾಗ ಮನೆಯ ಹಿರಿಯರು ಹೇಳುತ್ತಿದ್ದ ಮಾತು ಒಂದೇ: ‘ಇನ್ನ ಮಿರಜಿಗಿ ಒಯ್ರಿ.’

ನಮ್ಮ ಭಾಗದ ಆರೋಗ್ಯ ಸೇವೆಯ ಹಿಂದಿನ ಕಥೆ ಬರೆಯಬೇಕೆಂದಾಗ ನನ್ನ ಮನಸ್ಸು ಮೊದಲು ಹೋದದ್ದು ಆ ದವಾಖಾನೆಯ ಕಡೆಗೆ. ಅದು ನಮ್ಮ ಜಿಲ್ಲೆಯೊಳಗೆ ಇರಲಿಲ್ಲ, ಈಗ ನಮ್ಮ ರಾಜ್ಯದಲ್ಲೂ ಇಲ್ಲ. ಆದರೂ ಕಡಲಾಚೆಯಿಂದ ಕ್ರಿಸ್ತನ ಹೆಸರಿನಲ್ಲಿ ಸೇವೆಗೆಂದು ಬಂದವರು ನಮ್ಮ ಜನರ ಮೈಮುಟ್ಟಿ ಕೆಲಸ ಮಾಡಿದ್ದು ಅಲ್ಲಿ. ಬಂದವರ ತ್ಯಾಗವನ್ನು ಹೊಗಳಿ ಬರೆದ ಪುಸ್ತಕಗಳು ಬೇಕಾದಷ್ಟಿವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಇಲ್ಲಿಯವರಿಗೆ ಕಲಿಸಿಕೊಟ್ಟ ಕೆಲಸ. ಹೊರಗಿನಿಂದ ಬಂದ ಸೇವೆ ಎಷ್ಟು ಆಳಕ್ಕಿಳಿಯಿತು ಎಂಬುದನ್ನು ಅಲ್ಲಿಂದಲೇ ಅಳೆಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಮಿಷನ್ನಿನವರು ಬೆಳಗಾವಿಗೆ ಕಾಲಿಟ್ಟದ್ದು ರೈಲು ಬರುವುದಕ್ಕೂ ಬಹಳ ಮೊದಲು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಇಲ್ಲಿಗೆ ಬಂದರು. ಅವರ ಬೆನ್ನಿಗೆ ವಿಲಿಯಂ ಬೆನನ್ ಬಂದರು. ಬೆಳಗಾವಿಯ ಬೆನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಅವರ ನೆನಪು ಉಳಿದಿದೆ. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿ ಕ್ಷೇತ್ರವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿತು. ಇವರೆಲ್ಲ ಹೆಚ್ಚು ಒತ್ತು ಕೊಟ್ಟದ್ದು ಶಾಲೆಗೆ, ಬೋಧನೆಗೆ. ದೊಡ್ಡ ಆಪರೇಶನ್ ಮಾಡುವ ಆಸ್ಪತ್ರೆ ಬೇಕೆಂದರೆ ನಮ್ಮವರು ರೈಲು ಹತ್ತಲೇಬೇಕಾಗಿತ್ತು.

ಮಿರಜಿನ ಆ ಆಸ್ಪತ್ರೆ ಕಟ್ಟಿದವರು ವಿಲಿಯಂ ಜೇಮ್ಸ್ ವಾನ್ಲೆಸ್. ಹುಟ್ಟಿದ್ದು ಕೆನಡಾದಲ್ಲಿ, 1865ರಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದು ಮುಗಿಸಿದ ವರ್ಷವೇ, ಅಂದರೆ 1889ರಲ್ಲಿ, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಹೆಂಡತಿಯೊಂದಿಗೆ ಸಾಂಗಲಿಗೆ ಬಂದಿಳಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಸಾಂಗಲಿಯಲ್ಲಿ ಸಣ್ಣ ಔಷಧಾಲಯ ತೆರೆದರು. ಆಮೇಲೆ ಪಟವರ್ಧನ ಸಂಸ್ಥಾನಿಕರ ಮಿರಜಿಗೆ ಸ್ಥಳ ಬದಲಾಯಿಸಿದರು. 1894ರಲ್ಲಿ ಆಸ್ಪತ್ರೆಯ ಕಟ್ಟಡ ಎದ್ದಿತು. ಮಿರಜ ಆರಿಸಿಕೊಂಡದ್ದು ಜಾಣತನದ ನಿರ್ಧಾರ. ಪುಣೆಯ ಕಡೆಯಿಂದ, ಕೊಲ್ಹಾಪುರದಿಂದ, ಬೆಳಗಾವಿಯಿಂದ ಬರುವ ಹಳಿಗಳು ಅಲ್ಲಿ ಕೂಡುತ್ತಿದ್ದವು. ನಡೆಯಲಾರದ ರೋಗಿಗೆ ರೈಲು ಬಂದು ನಿಲ್ಲುವ ಊರೇ ಹತ್ತಿರದ ಊರು.

ವಾನ್ಲೆಸ್ ಮಿರಜಿನಲ್ಲಿ ಬೇರು ಬಿಟ್ಟ ಕಾಲ ಸುಖದ ಕಾಲವೇನೂ ಅಲ್ಲ. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ವರ್ಷಗಳಲ್ಲಿ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳನ್ನು ಬಡಿಯಿತು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು. ಅದರ ಜೊತೆಗೆ ಬರಗಾಲ, ಕಾಲರಾ. ಬಂದ ಮೊದಲ ಹತ್ತು ಹನ್ನೆರಡು ವರ್ಷಗಳಲ್ಲೇ ಎಷ್ಟೋ ಮಿಷನರಿಗಳು ಸತ್ತರು, ಇಲ್ಲವೆ ಕಾಯಿಲೆ ಬಿದ್ದು ತಾಯ್ನಾಡಿಗೆ ಮರಳಿದರು. ವಾನ್ಲೆಸ್ 1928ರವರೆಗೆ ಮಿರಜಿನಲ್ಲೇ ದುಡಿದರು. ಆ ವರ್ಷ ಬ್ರಿಟಿಷ್ ಸರ್ಕಾರ ಅವರಿಗೆ ‘ಸರ್’ ಪದವಿ ಕೊಟ್ಟಿತು. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಅವರ ಕೈಕೆಳಗೆ ಪಳಗಿದ ಅಮೆರಿಕದ ಸರ್ಜನ್ ಡಾ. ಚಾರ್ಲ್ಸ್ ವೇಲ್ ಆಸ್ಪತ್ರೆಯನ್ನು ಮುಂದೆ ನಡೆಸಿದರು. ಕೊಲ್ಹಾಪುರದ ಶಾಹೂ ಮಹಾರಾಜರಿಗೂ ವಾನ್ಲೆಸರಿಗೂ ಸ್ನೇಹವಿತ್ತು. ಕೊಲ್ಹಾಪುರದಲ್ಲಿ ಮೇರಿ ವಾನ್ಲೆಸ್ ಆಸ್ಪತ್ರೆ, ಮಿರಜ–ಸಾಂಗಲಿಯ ನಡುವೆ ವಾನ್ಲೆಸ್‌ವಾಡಿಯ ಕ್ಷಯರೋಗ ಚಿಕಿತ್ಸಾಲಯ, ಮಿರಜಿನಲ್ಲೇ ಕುಷ್ಠರೋಗಿಗಳ ಆಸ್ಪತ್ರೆ, ಹೀಗೆ ಕೆಲಸ ಹಬ್ಬುತ್ತ ಹೋಯಿತು.

ಕಣ್ಣಿನ ಆಪರೇಶನ್ನಿಗೆ ಮಿರಜ ಹೆಸರಾಗಿತ್ತು. ಮೋತಿಬಿಂದು ತೆಗೆಯುವುದೆಂದರೆ ಇವತ್ತು ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುವ ಕೆಲಸ. ಅಂದಿನ ರೀತಿ ಬೇರೆ. ಮೂಡಲಗಿ ಕಡೆಯ ರೈತನೊಬ್ಬ ಮಿರಜಿಗೆ ಹೊರಟನೆಂದರೆ ಘಟಪ್ರಭಾ ನಿಲ್ದಾಣಕ್ಕೆ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ. ಹುಕ್ಕೇರಿ ಕಡೆಯವರಿಗೂ ಹೆಚ್ಚು ಕಡಿಮೆ ಅಷ್ಟೇ. ಖಟಿ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಮಗನೋ ತಮ್ಮನೋ ಜೊತೆಗೆ ಹೊರಡಬೇಕು. ದವಾಖಾನೆಯಲ್ಲಿ ರೋಗಿಯ ಜೊತೆಗೆ ಬಂದವರಿಗೆ ಊಟ ಕೊಡುವವರಿರಲಿಲ್ಲ. ಹೊರಗೆ ಮರದ ಬುಡದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿಕೊಳ್ಳಬೇಕು.

ಆಪರೇಶನ್ ಎಂದರೆ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಅಗಲವಾಗಿ ಸೀಳಿ, ಮಂಜಾದ ಮಸೂರವನ್ನೇ ಹೊರಗೆ ತೆಗೆಯುವುದು. ಅದರ ಜಾಗದಲ್ಲಿ ಕೂಡಿಸಲು ಬೇರೆ ಮಸೂರ ಇರಲಿಲ್ಲ. ಸೀಳಿದ ಜಾಗ ತಾನಾಗಿ ಕೂಡಿಕೊಳ್ಳುವವರೆಗೆ ರೋಗಿ ಅಂಗಾತ ಮಲಗಿರಬೇಕು. ಎರಡೂ ಕಣ್ಣಿಗೆ ಪಟ್ಟಿ. ತಲೆ ಹೊರಳದಂತೆ ಎರಡೂ ಪಕ್ಕಕ್ಕೆ ಉಸುಕಿನ ಚೀಲ. ಕೆಮ್ಮುವಂತಿಲ್ಲ, ಸೀನುವಂತಿಲ್ಲ, ಎದ್ದು ಕೂಡುವಂತಿಲ್ಲ. ಒಂದು ಜೋರಾದ ಕೆಮ್ಮಿಗೆ ಗಾಯ ಬಿಚ್ಚಿ ಕಣ್ಣು ಹೋದ ಉದಾಹರಣೆಗಳಿದ್ದವು. ಪೆನಿಸಿಲಿನ್ ಬರುವ ಮುಂಚಿನ ಮಾತಿದು. ಕೀವು ತುಂಬಿದರೆ ಯಾವ ವೈದ್ಯನ ಕೈಯಲ್ಲೂ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಸರ್ಜನ್ನನ ಚೂರಿಯಷ್ಟೇ ಮಹತ್ವದ ಕೆಲಸ ನೀರು ಕುದಿಸುವವರದು, ಬಟ್ಟೆ ಹಬೆಗೆ ಹಿಡಿಯುವವರದು, ರಾತ್ರಿಯಿಡೀ ರೋಗಿಯ ತಲೆಯ ಹತ್ತಿರ ಕೂಡುವ ನರ್ಸಿನದು. ಆ ನರ್ಸು ಕತ್ತಲೆಯಲ್ಲಿ ಮಲಗಿದ ಹಳ್ಳಿಯ ಮುದುಕನಿಗೆ ‘ಹೊಳ್ಳಬ್ಯಾಡ್ರಿ ಯಜ್ಜಾ’ ಎಂದು ಅವನದೇ ಮಾತಿನಲ್ಲಿ ಹೇಳಬಲ್ಲವಳಾಗಿದ್ದರೆ ಕಣ್ಣು ಉಳಿಯುವ ಆಸೆ ಹೆಚ್ಚು. ಪಟ್ಟಿ ಬಿಚ್ಚಿದ ಮೇಲೆ ಸೀಸೆಯ ತಳದಷ್ಟು ದಪ್ಪನೆಯ ಕನ್ನಡಕ. ಅದನ್ನು ಹಾಕಿಕೊಂಡು ಊರಿಗೆ ಮರಳಿದವನನ್ನು ನೋಡಲು ಓಣಿಯೇ ಕೂಡುತ್ತಿತ್ತು. ಮಿರಜಿನ ಸುದ್ದಿ ಹಬ್ಬಿದ್ದು ಹೀಗೆ, ಕಣ್ಣು ಬಂದವರ ಬಾಯಿಂದ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮಿಷನ್ ಆಸ್ಪತ್ರೆಗಳು ಚಿಕಿತ್ಸೆಯನ್ನಷ್ಟೇ ಉದ್ದೇಶವಾಗಿ ಇಟ್ಟುಕೊಂಡಿರಲಿಲ್ಲ. ಔಷಧಕ್ಕೆ ಪಾಳಿ ಹಚ್ಚಿ ಕುಳಿತವರಿಗೆ ಮೊದಲು ಪ್ರಾರ್ಥನೆ, ಬೈಬಲಿನ ಮಾತು. ಹಣ ಕಳಿಸುತ್ತಿದ್ದ ಅಮೆರಿಕದ ಚರ್ಚುಗಳ ನಿರೀಕ್ಷೆಯೂ ಅದೇ ಆಗಿತ್ತು. ನೋವಿನಲ್ಲಿರುವವನ ಮುಂದೆ ಧರ್ಮದ ಮಾತು ಇಡುವುದು ಸರಿಯೇ ಎಂಬ ಪ್ರಶ್ನೆಯನ್ನು ಗಾಂಧೀಜಿ ಎತ್ತಿದ್ದರು. ಮಿಷನರಿಗಳು ಸೇವೆಯನ್ನು ಸೇವೆಗಾಗಿಯೇ ಮಾಡಬೇಕು ಎಂದು ಅವರು ಮತ್ತೆ ಮತ್ತೆ ಹೇಳಿದರು. ಆ ಪ್ರಶ್ನೆ ನ್ಯಾಯವಾದದ್ದು ಎಂದು ನಾನು ಭಾವಿಸುತ್ತೇನೆ. ಆದರೆ ನಮ್ಮ ಜನ ಅದಕ್ಕೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟುಕೊಂಡಿದ್ದರು. ಪ್ರಾರ್ಥನೆಗೆ ಕೈಮುಗಿದು ಕುಳಿತರು, ಔಷಧ ತೆಗೆದುಕೊಂಡರು, ಗುಣವಾದ ಮೇಲೆ ಊರಿಗೆ ಬಂದು ಬಸವಣ್ಣನಿಗೋ ಯಲ್ಲಮ್ಮನಿಗೋ ಕಾಯಿ ಒಡೆಸಿದರು. ಕ್ರೈಸ್ತರಾದವರು ಕೆಲವರು. ಅವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳವರು. ಊರ ಬಾವಿಯ ಹತ್ತಿರವೂ ಬರಗೊಡದ ಕಾಲದಲ್ಲಿ ಅವರ ನಾಡಿ ಹಿಡಿದು ನೋಡಿದ ದವಾಖಾನೆ ಅದು. ಜಾತಿ ಕೇಳದೆ ಒಂದೇ ಸಾಲಿನಲ್ಲಿ ಹಾಸಿಗೆ ಹಾಕಿದ್ದು ನಮ್ಮ ಸೀಮೆಯ ಮಟ್ಟಿಗೆ ಆಪರೇಶನ್ನಿಗಿಂತ ದೊಡ್ಡ ಸಂಗತಿ.

ಇನ್ನು ನಾನು ಮೊದಲೇ ಹೇಳಿದ, ಕಲಿಸಿಕೊಟ್ಟ ಕೆಲಸದ ಮಾತು. ವಾನ್ಲೆಸ್ 1897ರಲ್ಲಿ, ಆಸ್ಪತ್ರೆ ತೆರೆದ ಮೂರೇ ವರ್ಷಕ್ಕೆ, ಮಿರಜಿನಲ್ಲಿ ವೈದ್ಯಕೀಯ ಶಾಲೆ ಆರಂಭಿಸಿದರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ ತಮ್ಮ ವೈದ್ಯಕೀಯ ಶಾಲೆ ತೆರೆದದ್ದು 1918ರಲ್ಲಿ. ಅದಕ್ಕಿಂತ ಎರಡು ದಶಕ ಹಿಂದಿನ ಮಾತಿದು. ಪರದೇಶದಿಂದ ವೈದ್ಯರು ಎಷ್ಟೇ ಬಂದರೂ ಹಳ್ಳಿ ಹಳ್ಳಿಗೆ ಮುಟ್ಟಲಾರರು, ಇಲ್ಲಿಯ ಹುಡುಗರನ್ನೇ ತಯಾರು ಮಾಡಬೇಕು ಎಂಬ ಲೆಕ್ಕ ಅವರದು. ಅಲ್ಲಿ ಕಲಿತ ಕ್ರೈಸ್ತ ಯುವಕರು ದೇಶದ ಬೇರೆ ಬೇರೆ ಮಿಷನ್ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ನಿಂತರು. ಜೊತೆಗೆ ನರ್ಸುಗಳ ತರಬೇತಿ, ಕಂಪೌಂಡರುಗಳ ತರಬೇತಿ. ಗಾಯ ತೊಳೆದು ಪಟ್ಟಿ ಕಟ್ಟುವುದು, ಔಷಧದ ಅಳತೆ ತಪ್ಪದಿರುವುದು, ಹೆರಿಗೆಗೆ ಮುಂಚೆ ಕೈ ಉಜ್ಜಿ ತೊಳೆಯುವುದು, ಇವೆಲ್ಲ ಇಂದು ಸಣ್ಣ ಸಂಗತಿಗಳಾಗಿ ಕಾಣಬಹುದು. ಎಷ್ಟೋ ಬಾಣಂತಿಯರ ಜೀವ ಉಳಿಸಿದ್ದು ಇವೇ.

ನಮ್ಮ ಘಟಪ್ರಭೆಯ ಕಥೆ ಇಲ್ಲಿ ಬಂದು ಕೂಡುತ್ತದೆ. ವಾನ್ಲೆಸ್ ಭಾರತಕ್ಕೆ ಬಂದ 1889ರಲ್ಲೇ ಧಾರವಾಡದಲ್ಲಿ ನಾರಾಯಣ ಸುಬ್ಬರಾವ್ ಹರ್ಡೀಕರ ಹುಟ್ಟಿದರು. ಹರ್ಡೀಕರರ ಪಯಣ ವಾನ್ಲೆಸರ ಎದುರು ದಿಕ್ಕಿನದು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದರು, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕಲಿತರು. ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯರ ಜೊತೆ ಭಾರತದ ಸ್ವರಾಜ್ಯಕ್ಕಾಗಿ ದುಡಿದರು. 1921ರಲ್ಲಿ ತಾಯ್ನಾಡಿಗೆ ಬಂದು, 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಅಮೆರಿಕದ ಮಿಷನ್ನಿನ ವೈದ್ಯ ಇಲ್ಲಿಗೆ ಸೇವೆಗೆ ಬಂದಿದ್ದರೆ, ಇಲ್ಲಿಯ ವೈದ್ಯ ಅಮೆರಿಕದಲ್ಲಿ ಕಲಿತು ಬಂದು ಸಾವಿರಾರು ಹುಡುಗರಿಗೆ ಸ್ವಯಂಸೇವೆಯ ಶಿಸ್ತು ಕಲಿಸಿದರು.

ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ 1929ರಲ್ಲಿ ಡಾ. ಜಿ. ಆರ್. ಕೊಕಟನೂರರು ಆರಂಭಿಸಿದ ಕರ್ನಾಟಕ ಆರೋಗ್ಯಧಾಮದಲ್ಲಿ ಹರ್ಡೀಕರರೂ ನೆಲೆ ನಿಂತರು. ಸೇವಾದಳದ ತರಬೇತಿಯ ನೆಲವೂ ಅದೇ ಆಯಿತು. ಡಾ. ಎಂ. ಕೆ. ವೈದ್ಯರಂಥವರು ಅಲ್ಲಿ ಬಾಳು ಸವೆಸಿದರು. ಮಿರಜಿಗೆ ಹೋಗುವ ಗಾಡಿಗಾಗಿ ಕಾಯುತ್ತಿದ್ದ ನಿಲ್ದಾಣದ ಊರಿನಲ್ಲೇ ಒಂದು ಆಸ್ಪತ್ರೆ ಎದ್ದಿತು. ಅದನ್ನು ಕಟ್ಟಿದವರು ಖಾದಿ ತೊಟ್ಟವರು, ಸ್ವಾತಂತ್ರ್ಯ ಹೋರಾಟದವರು. ಮಿಷನ್ನಿಗೂ ಅವರಿಗೂ ಧರ್ಮ ಬೇರೆ, ರಾಜಕೀಯ ಬೇರೆ. ಹಳ್ಳಿಯ ಬಡವನ ಹತ್ತಿರಕ್ಕೆ ವೈದ್ಯ ಹೋಗಬೇಕು ಎಂಬ ಹಟ ಇಬ್ಬರದೂ ಒಂದೇ. ಹರ್ಡೀಕರರಿಗೆ 1958ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ತೀರಿಕೊಂಡರು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಮಿರಜ ಗಡಿಯ ಆಚೆ ಉಳಿಯಿತು. ರೋಗಿಗಳು ಗಡಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 1962ರಲ್ಲಿ ಮಿರಜಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದಾಗ ವಿದ್ಯಾರ್ಥಿಗಳು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿತದ್ದು ಇದೇ ವಾನ್ಲೆಸ್ ಆಸ್ಪತ್ರೆಯಲ್ಲಿ. ಮರುವರ್ಷ, 1963ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಬಂತು. ನಮ್ಮ ಜನರ ದಾರಿ ನಿಧಾನವಾಗಿ ತೆಂಕಣಕ್ಕೆ ತಿರುಗಿತು. ಈಚಿನ ವರ್ಷಗಳಲ್ಲಿ ವಾನ್ಲೆಸ್ ಆಸ್ಪತ್ರೆ ಹಣದ ಮುಗ್ಗಟ್ಟಿಗೆ ಸಿಕ್ಕು ಸೊರಗಿದ್ದು ಮನಸ್ಸಿಗೆ ನೋವು ತರುವ ಸಂಗತಿ. ಮೂರು ತಲೆಮಾರು ನಮ್ಮನ್ನು ಕಾಯ್ದ ಮನೆ ಅದು.

ಆಸ್ಪತ್ರೆಯ ಗೋಡೆಯ ಹೊರಗೂ ಸೇವೆಯ ಕೆಲಸ ನಡೆದಿದೆ. ನಮ್ಮ ತಾಲೂಕುಗಳಲ್ಲಿ ಅದರ ಅತಿ ಕಠಿಣ ರೂಪ ದೇವದಾಸಿ ಪದ್ಧತಿಯ ವಿರುದ್ಧದ ಕೆಲಸ. 1982ರಲ್ಲಿ ರಾಜ್ಯ ಕಾನೂನು ಮಾಡಿತು. ಕಾನೂನು ಆದ ಮೇಲೂ ಸವದತ್ತಿಯ ಯಲ್ಲಮ್ಮನ ಜಾತ್ರೆಯ ಕಡೆಗೆ ಹುಡುಗಿಯರನ್ನು ಕರೆದೊಯ್ಯುವುದು ನಿಲ್ಲಲಿಲ್ಲ. 1990ರ ದಶಕದಲ್ಲಿ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಮಾಜಿ ದೇವದಾಸಿಯರ ಸಂಘಗಳನ್ನು ಕಟ್ಟಿತು. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು 1968ರಲ್ಲಿ ಹುಟ್ಟಿದ ಸಂಸ್ಥೆ ಅದು. 1997ರಲ್ಲಿ ಆ ಹೆಣ್ಣುಮಕ್ಕಳೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ನಮ್ಮ ಬಾಯಲ್ಲಿ ಅದು ‘ಮಾಸ್’. ಅದರ ನೆಲೆಯೂ ಘಟಪ್ರಭೆಯೇ. ತಾವೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾಗಿದ್ದವರು ಊರೂರಿಗೆ ಹೋಗಿ ‘ನಿನ್ನ ಮಗಳಿಗೆ ಕಟ್ಟಿಸಬ್ಯಾಡ’ ಎಂದು ತಾಯಂದಿರ ಮುಂದೆ ಕೂತರು. ಈ ಮಾತನ್ನು ಹೊರಗಿನ ಯಾವ ಸಮಾಜ ಸೇವಕ ಹೇಳಿದ್ದರೂ ಕದ ಮುಚ್ಚಿಕೊಳ್ಳುತ್ತಿದ್ದವು. ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹೊರಗಿನಿಂದ ಬಂದವರು ಆರಂಭಿಸಿದ ಕೆಲಸವನ್ನು ಇಲ್ಲಿಯವರು ವಹಿಸಿಕೊಂಡು ಅವರಿಗಿಂತ ಮುಂದೆ ಒಯ್ದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಜಿಲ್ಲೆಯಲ್ಲಿ ನನಗೆ ಕಾಣದು.

ಇಂದೂ ಪರದೇಶದ ಚರ್ಚುಗಳಿಂದ ಯುವಕ ಯುವತಿಯರು, ವೈದ್ಯರು, ನರ್ಸುಗಳು ವಾರ ಎರಡು ವಾರದ ಸೇವೆಗೆಂದು ಭಾರತದ ಹಳ್ಳಿಗಳಿಗೆ ಬರುತ್ತಾರೆ. ಅವರ ಮನಸ್ಸಿನ ಬಗ್ಗೆ ನನಗೆ ಗೌರವವಿದೆ. ಆದರೆ ಕೆಲಸದ ರೀತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಶಾಲೆಯ ಕೋಣೆಯಲ್ಲಿ ಮೇಜು ಹಾಕಿ, ದಿನಕ್ಕೆ ನೂರಾರು ಜನರ ರಕ್ತದೊತ್ತಡ ನೋಡಿ, ಹತ್ತು ದಿನದ ಗುಳಿಗೆ ಕೊಟ್ಟು ಹೋದರೆ ಹನ್ನೊಂದನೆಯ ದಿನ ಆ ರೋಗಿ ಯಾರ ಹತ್ತಿರ ಹೋಗಬೇಕು? ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಬದುಕಿನುದ್ದಕ್ಕೂ ಔಷಧ ಬೇಕು. ಶಿಬಿರದ ಚೀಟಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಗೆ ಸೇರದಿದ್ದರೆ ಆ ಶಿಬಿರದಿಂದ ಉಪಕಾರ ಕಡಿಮೆ. ಕಾನೂನಿನ ಕಟ್ಟಳೆಗಳೂ ಇವೆ. ಪರದೇಶದ ವೈದ್ಯರು ಇಲ್ಲಿ ರೋಗಿಯನ್ನು ಮುಟ್ಟಬೇಕಾದರೆ ನಮ್ಮ ವೈದ್ಯಕೀಯ ಆಯೋಗದ ಅನುಮತಿ ಬೇಕು. ಧರ್ಮ ಪ್ರಚಾರಕ್ಕೆ ಬೇರೆಯದೇ ವೀಸಾ ಇದೆ. ವಿದೇಶಿ ದೇಣಿಗೆಗೆ 2010ರ ಕಾಯಿದೆ ಇದೆ. 2020ರ ತಿದ್ದುಪಡಿಯ ನಂತರ ಆ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಬರಬೇಕು. ಇವನ್ನು ಕಿರುಕುಳ ಎನ್ನುವವರಿದ್ದಾರೆ. ಸಣ್ಣ ಸಂಸ್ಥೆಗಳಿಗೆ ಕಷ್ಟವಾಗಿರುವುದೂ ನಿಜ. ಆದರೆ ವೈದ್ಯರ ಅನುಮತಿಯ ವಿಷಯದಲ್ಲಿ ನಾನು ಕಾನೂನಿನ ಪಕ್ಷ. ತಮ್ಮ ದೇಶದಲ್ಲಿ ಹಲ್ಲು ಕೀಳಲು ಅಧಿಕಾರವಿಲ್ಲದ ವಿದ್ಯಾರ್ಥಿ ನಮ್ಮ ಹಳ್ಳಿಯಲ್ಲಿ ಬಂದು ಹಲ್ಲು ಕೀಳಬಾರದು. ಬಡವನ ಬಾಯಿ ಯಾರ ಅಭ್ಯಾಸಕ್ಕೂ ಇರುವುದಲ್ಲ.

ಬರುವವರು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಲಿ, ಆಶಾ ಕಾರ್ಯಕರ್ತೆಯರ ಜೊತೆ ಮನೆ ಮನೆಗೆ ನಡೆಯಲಿ, ಇಲ್ಲಿಯ ವೈದ್ಯರು ಕೇಳಿದ ಕೆಲಸ ಮಾಡಲಿ, ನಾಲ್ಕು ಮಾತು ಕನ್ನಡ ಕಲಿಯಲಿ. ಅಂಥ ಕೂಡು ಕೆಲಸ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನಮ್ಮ ಜಿಲ್ಲೆಯೇ ತೋರಿಸಿಕೊಟ್ಟಿದೆ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರೊಂದಿಗೆ ಸೇರಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಅಧ್ಯಯನ ನಡೆಸಿದರು. ಇದು ಮಿಷನ್ನಿನ ಕೆಲಸವಲ್ಲ. ಆದರೆ ಪ್ರಶ್ನೆ ವಾನ್ಲೆಸರ ಕಾಲದ್ದೇ: ವೈದ್ಯರಿಲ್ಲದ ಊರಿನಲ್ಲಿ ಹೆರಿಗೆಯಾದ ತಾಯಿಗೆ ರಕ್ತ ಹೋಗತೊಡಗಿದರೆ ಏನು ಮಾಡಬೇಕು?

ಕೆಲಸ ಮಾಡಿದವರು ಉಪಕೇಂದ್ರಗಳ ನರ್ಸುಗಳು, ಊರವರು ‘ಅಕ್ಕಾರು’ ಎಂದು ಕರೆಯುವ ಎ.ಎನ್.ಎಂ.ಗಳು. ಮನೆಯಲ್ಲೋ ಉಪಕೇಂದ್ರದಲ್ಲೋ ಕೂಸು ಹುಟ್ಟಿದ ಕೂಡಲೆ ತಾಯಿಗೆ ನುಂಗಲು ಗುಳಿಗೆ ಕೊಡುತ್ತಿದ್ದರು. ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್ ಎಂಬ ಔಷಧದ ಗುಳಿಗೆ, ಇನ್ನರ್ಧ ಜನಕ್ಕೆ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ. ಯಾವುದು ಯಾವುದೆಂದು ಕೊಡುವವರಿಗೂ ಗೊತ್ತಿರಲಿಲ್ಲ. ತಾಯಿಯ ಕೆಳಗೆ ಅಳತೆಯ ಗೆರೆಗಳಿದ್ದ, ಲಾಳಿಕೆಯಂತೆ ಇಳಿಬಿದ್ದ ಪ್ಲಾಸ್ಟಿಕ್ ಹಾಸು ಹಾಕುತ್ತಿದ್ದರು. ಹೋದ ರಕ್ತ ಅದರಲ್ಲಿ ಇಳಿದು ನಿಲ್ಲುತ್ತಿತ್ತು, ಎಷ್ಟೆಂದು ಕಣ್ಣಳತೆಯಲ್ಲಿ ಹೇಳುವ ಬದಲು ಗೆರೆ ನೋಡಿ ಬರೆಯುತ್ತಿದ್ದರು. 1,620 ತಾಯಂದಿರು ಅಧ್ಯಯನದಲ್ಲಿದ್ದರು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಗಿತ್ತು. ಔಷಧ ಪಡೆದವರಲ್ಲಿ ಅದು ನೂರಕ್ಕೆ 6.4ಕ್ಕೆ ಇಳಿದಿತ್ತು. ಈ ಗುಳಿಗೆಗೆ ಫ್ರಿಜ್ ಬೇಡ, ಸೂಜಿ ಬೇಡ, ವೈದ್ಯರೇ ಇರಬೇಕೆಂದಿಲ್ಲ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಈ ಫಲಿತಾಂಶ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿ ಜಿಲ್ಲೆಯ ಅಕ್ಕಾರು ಗೆರೆ ನೋಡಿ ಬರೆದಿಟ್ಟ ಅಳತೆಗಳೂ ಆ ನಿರ್ಧಾರಕ್ಕೆ ಆಧಾರವಾಗಿದ್ದವು.